ಸೊಳ್ಳೆ ಎಲ್ಲಿ ಹುಟ್ಟುತ್ತದೆ, ಯಾವಾಗ ಕಚ್ಚುತ್ತದೆ? ಉತ್ತರ ಕನ್ನಡದ ಮನೆಗಳಿಂದ ಪದೇ ಪದೇ ಕೇಳುವ ಪ್ರಶ್ನೆಗಳು

ಮಳೆಗಾಲ ಶುರುವಾದರೆ ನಮ್ಮ ಜಿಲ್ಲೆಯಲ್ಲಿ ಸೊಳ್ಳೆಯ ಮಾತು ಬಾರದ ಮನೆ ಇಲ್ಲ. ಕಾರವಾರ, ಅಂಕೋಲಾ, ಕುಮಟಾ ಕಡೆಯವರು ಕೇಳುವುದು ಒಂದು ತರ. ಶಿರಸಿ, ಸಿದ್ದಾಪುರ, ಯಲ್ಲಾಪುರದ ತೋಟದವರು ಕೇಳುವುದು ಇನ್ನೊಂದು ತರ. ಎರಡನ್ನೂ ಇಲ್ಲಿ ಸೇರಿಸಿದ್ದೇನೆ. ಹಾರುವ ಸೊಳ್ಳೆಯ ಹಿಂದೆ ಬಿದ್ದು ಗೆದ್ದವರು ಕಡಿಮೆ. ಅದು ನೀರಲ್ಲಿ ಇರುವಾಗಲೇ ಹಿಡಿಯಬೇಕು. ಹಾಗಾಗಿ ಮೊದಲ ಮೂರು ಪ್ರಶ್ನೆಗಳನ್ನು ದಯವಿಟ್ಟು ಬಿಡದೆ ಓದಿ.

ಮೊಟ್ಟೆ ಇಟ್ಟ ದಿನದಿಂದ ಸೊಳ್ಳೆ ಹಾರುವವರೆಗೆ ಎಷ್ಟು ದಿನ ಬೇಕು?

ನಮ್ಮ ಕರಾವಳಿಯ ಸೆಕೆಯಲ್ಲಿ ಸುಮಾರು 7ರಿಂದ 10 ದಿನ. ಘಟ್ಟದ ಮೇಲೆ ಚಳಿ ಇರುವಾಗ ಇನ್ನೂ ಕೆಲವು ದಿನ ಜಾಸ್ತಿ ಹಿಡಿಯುತ್ತದೆ.

ಸೊಳ್ಳೆಗೆ ನಾಲ್ಕು ಹಂತ. ಮೊಟ್ಟೆ, ಮರಿಹುಳ ಅಂದರೆ ಲಾರ್ವಾ, ಪ್ಯೂಪಾ, ಆಮೇಲೆ ರೆಕ್ಕೆ ಬಂದ ಸೊಳ್ಳೆ. ಮೊದಲ ಮೂರೂ ನೀರಿನಲ್ಲಿ ಅಥವಾ ನೀರಿನ ಅಂಚಿನಲ್ಲೇ ಕಳೆಯುತ್ತವೆ. ಮೊಟ್ಟೆ ಒಂದೆರಡು ದಿನದಲ್ಲಿ ಒಡೆಯುತ್ತದೆ. ಮರಿಹುಳ ನೀರಿನಲ್ಲಿರುವ ಪಾಚಿ, ಕೊಳೆತ ಎಲೆಯ ಚೂರು, ಕಣ್ಣಿಗೆ ಕಾಣದ ಜೀವಿಗಳನ್ನು ತಿಂದು ಬೆಳೆಯುತ್ತದೆ. ನಾಲ್ಕು ಸಲ ಪೊರೆ ಕಳಚುತ್ತದೆ. ಇದಕ್ಕೆ ಸುಮಾರು 5 ದಿನದಿಂದ ಒಂದು ವಾರ. ನಾಲ್ಕನೇ ಪೊರೆ ಕಳಚಿದಾಗ ಅದು ಪ್ಯೂಪಾ ಆಗುತ್ತದೆ. ನೋಡಲು ಅಲ್ಪವಿರಾಮದ ಚಿಹ್ನೆಯ ಆಕಾರ. ಪ್ಯೂಪಾ ಏನೂ ತಿನ್ನುವುದಿಲ್ಲ. ಆದರೆ ಮುಟ್ಟಿದರೆ ಪಲ್ಟಿ ಹೊಡೆಯುತ್ತಾ ಕೆಳಗೆ ಓಡುತ್ತದೆ. ಎರಡು ಮೂರು ದಿನದಲ್ಲಿ ಅದರ ಬೆನ್ನು ಸೀಳಿ ಸೊಳ್ಳೆ ಹೊರಗೆ ಬರುತ್ತದೆ. ಸ್ವಲ್ಪ ಹೊತ್ತು ನೀರಿನ ಮೇಲೇ ನಿಂತು, ರೆಕ್ಕೆ ಒಣಗಿದ ಮೇಲೆ ಹಾರುತ್ತದೆ.

"ವಾರಕ್ಕೊಮ್ಮೆ ನೀರು ಖಾಲಿ ಮಾಡಿ" ಅಂತ ಆರೋಗ್ಯ ಇಲಾಖೆಯವರು ಹೇಳುವುದು ಈ ಲೆಕ್ಕದ ಮೇಲೆ. ಏಳನೇ ದಿನದ ಒಳಗೆ ನೀರು ಚೆಲ್ಲಿದರೆ ಒಂದು ಹುಳವೂ ರೆಕ್ಕೆ ಕಾಣುವುದಿಲ್ಲ. ಹದಿನೈದು ದಿನಕ್ಕೊಮ್ಮೆ ಮಾಡಿದರೆ ನಡುವೆ ಒಂದು ತಲೆಮಾರು ಹಾರಿ ಹೋಗಿರುತ್ತದೆ. ಭಾನುವಾರವೋ ಸಂತೆಯ ದಿನವೋ, ವಾರದಲ್ಲಿ ಒಂದು ದಿನ ಗೊತ್ತು ಮಾಡಿಕೊಳ್ಳಿ.

ಬಕೆಟ್ ನೀರಿನಲ್ಲಿ ಕುಣಿಯುವ ಹುಳ ಸೊಳ್ಳೆಯದೇನಾ? ಯಾವ ಸೊಳ್ಳೆ ಅಂತ ತಿಳಿಯುತ್ತಾ?

ಬಹುತೇಕ ಸಲ ಹೌದು, ಸೊಳ್ಳೆಯದೇ. ಬಿಳಿ ತಟ್ಟೆಗೆ ಸ್ವಲ್ಪ ನೀರು ಹಾಕಿ ಬೆಳಕಿನಲ್ಲಿ ನೋಡಿ. ಮೇಲೆ ಬಂದು ಉಸಿರಾಡುವಾಗ ಹುಳ ಹೇಗೆ ನಿಲ್ಲುತ್ತದೆ ಅನ್ನುವುದರಲ್ಲೇ ಗುರುತು ಇದೆ. ತಲೆ ಕೆಳಗೆ ಮಾಡಿ ಓರೆಯಾಗಿ ನೇತಾಡಿದರೆ ಅದು ಡೆಂಗೀ ಹರಡುವ ಈಡಿಸ್ ಅಥವಾ ರಾತ್ರಿ ಕಿವಿಯ ಹತ್ತಿರ ಗುಂಯ್ ಅನ್ನುವ ಕ್ಯೂಲೆಕ್ಸ್. ಇವುಗಳ ಹಿಂಭಾಗದಲ್ಲಿ ಉಸಿರಾಟದ ನಳಿಕೆ ಇರುತ್ತದೆ. ನೀರಿನ ಮೇಲ್ಮೈಗೆ ಸಮಾನಾಂತರವಾಗಿ, ಮಲಗಿದಂತೆ ಇದ್ದರೆ ಅನಾಫಿಲಿಸ್. ಅದಕ್ಕೆ ನಳಿಕೆ ಇಲ್ಲ. ಮಲೇರಿಯಾ ಹರಡುವುದು ಇದೇ ಜಾತಿ.

ನೀರಿನ ಗುಣವೂ ಸುಳಿವು ಕೊಡುತ್ತದೆ. ಸ್ವಚ್ಛ ನೀರು, ಸಣ್ಣ ಪಾತ್ರೆ, ಟೈರ್, ಹೂಕುಂಡದ ತಟ್ಟೆ ಆದರೆ ಸಾಮಾನ್ಯವಾಗಿ ಈಡಿಸ್. ಚರಂಡಿ, ತುಂಬಿದ ಇಂಗುಗುಂಡಿ, ಬಚ್ಚಲ ಹಿಂದಿನ ಕೊಳಕು ನೀರು ಆದರೆ ಕ್ಯೂಲೆಕ್ಸ್. ಬಾವಿ, ಟ್ಯಾಂಕ್, ನಿಧಾನ ಹರಿಯುವ ಹಳ್ಳದ ಅಂಚು ಆದರೆ ಅನಾಫಿಲಿಸ್ ಇರಬಹುದು. "ನಮ್ಮ ಮನೆ ಸುತ್ತ ಚರಂಡಿಯೇ ಇಲ್ಲ, ಡೆಂಗೀ ಹೇಗೆ ಬಂತು?" ಎಂದು ಬಹಳ ಜನ ಕೇಳುತ್ತಾರೆ. ಡೆಂಗೀ ಸೊಳ್ಳೆಗೆ ಚರಂಡಿ ಬೇಡವೇ ಬೇಡ. ಅದಕ್ಕೆ ಬೇಕಾದದ್ದು ನಿಮ್ಮ ಮನೆಯ ಸ್ವಚ್ಛ ನೀರು.

ನೀರು ಚೆಲ್ಲಿದರೆ ಸಾಕಲ್ವಾ? ತಿಕ್ಕಿ ತೊಳೆಯಬೇಕು ಅನ್ನುವುದು ಯಾಕೆ?

ಚೆಲ್ಲಿದರೆ ಹುಳ ಸಾಯುತ್ತದೆ, ಮೊಟ್ಟೆ ಸಾಯುವುದಿಲ್ಲ. ಈಡಿಸ್ ಸೊಳ್ಳೆ ಮೊಟ್ಟೆಯನ್ನು ನೀರಿನೊಳಗೆ ಇಡುವುದಿಲ್ಲ. ನೀರಿನ ಮಟ್ಟಕ್ಕಿಂತ ಸ್ವಲ್ಪ ಮೇಲೆ, ಪಾತ್ರೆಯ ಒದ್ದೆ ಗೋಡೆಗೆ ಒಂದೊಂದಾಗಿ ಅಂಟಿಸುತ್ತದೆ. ಬಣ್ಣ ಕಪ್ಪು, ಗಾತ್ರ ಒಂದು ಮಿಲಿಮೀಟರ್‌ಗಿಂತ ಕಡಿಮೆ. ಕೊಳೆ ಅಂತಲೇ ಕಾಣುತ್ತದೆ. ಈ ಮೊಟ್ಟೆ ಒಣಗಿದರೂ ತಿಂಗಳುಗಟ್ಟಲೆ ಜೀವ ಹಿಡಿದುಕೊಂಡು ಇರುತ್ತದೆ. ಫೆಬ್ರವರಿಯಲ್ಲಿ ಹಿತ್ತಲಿಗೆ ಎಸೆದ ಡಬ್ಬಿಯಲ್ಲಿ ಇದ್ದ ಮೊಟ್ಟೆಗೆ ಜೂನ್ ಮಳೆ ತಾಗಿದರೆ ಸಾಕು, ಮರಿ ಹೊರಬರುತ್ತದೆ. ಮೊದಲ ಮಳೆ ಬಿದ್ದ ಹತ್ತೇ ದಿನಕ್ಕೆ ಇಷ್ಟೊಂದು ಸೊಳ್ಳೆ ಎಲ್ಲಿಂದ ಬಂತು ಅಂತ ಅನ್ನಿಸುತ್ತದಲ್ಲ, ಕಾರಣ ಇದೂ ಒಂದು.

ಹಾಗಾಗಿ ಡ್ರಮ್, ಬಾನಿ, ಹಂಡೆ, ತೊಟ್ಟಿ ಯಾವುದೇ ಇರಲಿ, ಒಳಗೋಡೆಯನ್ನು ತೆಂಗಿನ ನಾರು ಅಥವಾ ಬ್ರಷ್ ಹಿಡಿದು ತಿಕ್ಕಿ. ಚೆಲ್ಲುವ ನೀರನ್ನು ಇನ್ನೊಂದು ನೀರಿಗೆ ಸುರಿಯಬೇಡಿ. ಒಣ ಮಣ್ಣಿಗೆ ಸುರಿಯಿರಿ.

ಎಲ್ಲಾ ಸೊಳ್ಳೆಗಳೂ ರಕ್ತ ಕುಡಿಯುತ್ತವಾ?

ಇಲ್ಲ. ಹೆಣ್ಣು ಮಾತ್ರ. ಹೊಟ್ಟೆ ತುಂಬಿಸಿಕೊಳ್ಳಲು ಗಂಡು, ಹೆಣ್ಣು ಎರಡೂ ಹೂವಿನ ಮಕರಂದ, ಗಿಡದ ರಸ ಕುಡಿಯುತ್ತವೆ. ಹೆಣ್ಣಿಗೆ ರಕ್ತ ಬೇಕಾಗುವುದು ಮೊಟ್ಟೆ ಬೆಳೆಸಲು. ಒಮ್ಮೆ ರಕ್ತ ಕುಡಿದ ಮೇಲೆ ಎರಡು ಮೂರು ದಿನ ಯಾವುದಾದರೂ ಕತ್ತಲ ಮೂಲೆಯಲ್ಲಿ ಕೂರುತ್ತದೆ. ಬಾಗಿಲ ಹಿಂದೆ, ನೇತುಹಾಕಿದ ಬಟ್ಟೆಯ ಸಂದಿ, ಮಂಚದ ಅಡಿ ಇವೆಲ್ಲ ಅದಕ್ಕೆ ಇಷ್ಟ. ರಕ್ತ ಜೀರ್ಣವಾಗಿ ಮೊಟ್ಟೆ ಬಲಿತ ಮೇಲೆ ನೀರು ಹುಡುಕಿ ಹೋಗುತ್ತದೆ. ಈಡಿಸ್ ಒಂದು ಸಲಕ್ಕೆ ನೂರರಷ್ಟು ಮೊಟ್ಟೆ ಇಡುತ್ತದೆ. ಅವನ್ನೂ ಒಂದೇ ಕಡೆ ಇಡದೆ ಹಲವು ಪಾತ್ರೆಗಳಿಗೆ ಹಂಚುತ್ತದೆ. ಕ್ಯೂಲೆಕ್ಸ್ ನೂರರಿಂದ ಮುನ್ನೂರು ಮೊಟ್ಟೆಗಳನ್ನು ಒಟ್ಟಿಗೆ ಅಂಟಿಸಿ ನೀರಿನ ಮೇಲೆ ತೇಲಿಬಿಡುತ್ತದೆ. ಮೊಟ್ಟೆ ಇಟ್ಟ ಮೇಲೆ ಮತ್ತೆ ರಕ್ತಕ್ಕೆ ಬರುತ್ತದೆ. ಹೆಣ್ಣು ಎರಡರಿಂದ ನಾಲ್ಕು ವಾರ ಬದುಕುವುದರಿಂದ ಈ ಸುತ್ತು ಹಲವು ಸಲ ನಡೆಯುತ್ತದೆ. ಗಂಡಿನ ಆಯಸ್ಸು ಒಂದು ವಾರದ ಆಚೀಚೆ.

ಕಚ್ಚಿದ ಜಾಗ ಯಾಕೆ ತುರಿಸುತ್ತದೆ?

ಸೊಳ್ಳೆಯ ಸೊಂಡಿಲು ಒಂದೇ ಸೂಜಿ ಅಲ್ಲ. ಹೊರಗೆ ಒಂದು ಮೆತ್ತನೆ ಕವಚ, ಒಳಗೆ ಆರು ಸಣ್ಣ ಎಳೆಗಳು. ಎರಡು ಎಳೆಗಳಿಗೆ ಗರಗಸದ ಹಲ್ಲು ಇದ್ದು ಚರ್ಮ ಸೀಳುತ್ತವೆ. ಎರಡು ಚರ್ಮವನ್ನು ಅಗಲಿಸಿ ಹಿಡಿಯುತ್ತವೆ. ಒಂದು ರಕ್ತ ಹೀರುತ್ತದೆ. ಇನ್ನೊಂದರಿಂದ ಜೊಲ್ಲು ಇಳಿಯುತ್ತದೆ. ಈ ಜೊಲ್ಲಿನಲ್ಲಿ ರಕ್ತ ಹೆಪ್ಪುಗಟ್ಟದಂತೆ ತಡೆಯುವ ವಸ್ತುಗಳಿವೆ. ನಮ್ಮ ಮೈ ಈ ಹೊರಗಿನ ವಸ್ತುವಿನ ವಿರುದ್ಧ ಎದ್ದೇಳುತ್ತದೆ. ದದ್ದು, ತುರಿಕೆ ಅದರ ಫಲ. ರೋಗಾಣು ನಮ್ಮ ಮೈಗೆ ಬರುವುದೂ ಈ ಜೊಲ್ಲಿನ ಜೊತೆಗೇ.

ಉಗುರು ಹಾಕಿ ಕೆರೆಯಬೇಡಿ. ಮಳೆಗಾಲದಲ್ಲಿ ಸಣ್ಣ ಗಾಯವೂ ಕೀವು ಕಟ್ಟುತ್ತದೆ, ಮಕ್ಕಳಲ್ಲಂತೂ ಬೇಗ. ತಣ್ಣೀರಿನ ಬಟ್ಟೆ ಒತ್ತಿ ಹಿಡಿದರೆ ತುರಿಕೆ ಇಳಿಯುತ್ತದೆ.

ಹಗಲು ಕಚ್ಚುವ ಸೊಳ್ಳೆ, ರಾತ್ರಿ ಕಚ್ಚುವ ಸೊಳ್ಳೆ ಬೇರೆ ಬೇರೆಯಾ?

ಬೇರೆಯೇ. ಡೆಂಗೀ, ಚಿಕೂನ್‌ಗುನ್ಯಾ ಹರಡುವ ಈಡಿಸ್ ಹಗಲಿನದು. ಬೆಳಿಗ್ಗೆ ಬಿಸಿಲೇರುವ ಮುಂಚಿನ ಹೊತ್ತು ಮತ್ತು ಸಂಜೆ ಕತ್ತಲಾಗುವ ಮುಂಚಿನ ಎರಡು ಮೂರು ತಾಸು ಅದು ಚುರುಕು. ಮೈ ಕಪ್ಪು, ಕಾಲಿಗೆ ಬಿಳಿ ಪಟ್ಟಿ. ಸದ್ದು ಕಡಿಮೆ. ಹೆಚ್ಚಾಗಿ ಪಾದ, ಮೀನಖಂಡಕ್ಕೆ ಹಿಂದಿನಿಂದ ಬಂದು ಕಚ್ಚುತ್ತದೆ. ಸ್ವಲ್ಪ ಅಲುಗಾಡಿದರೆ ಎದ್ದು ಪಕ್ಕದವರಿಗೆ ಕಚ್ಚುತ್ತದೆ. ಇದರಿಂದಲೇ ಒಂದೇ ಸೊಳ್ಳೆ ಒಂದು ಮನೆಯ ಮೂರು ನಾಲ್ಕು ಜನರಿಗೆ ಜ್ವರ ತರಬಲ್ಲದು.

ಅನಾಫಿಲಿಸ್ ಸಂಜೆಯಿಂದ ಬೆಳಗಿನ ಜಾವದವರೆಗೆ ಕಚ್ಚುತ್ತದೆ. ಗೋಡೆಯ ಮೇಲೆ ಕೂತಾಗ ಹಿಂಭಾಗ ಮೇಲೆತ್ತಿ ಓರೆಯಾಗಿ ಕೂರುತ್ತದೆ. ರಾತ್ರಿ ಕಿವಿಯ ಹತ್ತಿರ ಗುಂಯ್ ಅಂತ ನಿದ್ದೆ ಕೆಡಿಸುವುದು ಹೆಚ್ಚಾಗಿ ಕ್ಯೂಲೆಕ್ಸ್. ಇದರ ಒಂದು ಜಾತಿ ಆನೆಕಾಲು ರೋಗ ಹರಡುತ್ತದೆ. ಗದ್ದೆ ನೀರಲ್ಲಿ ಬೆಳೆಯುವ ಇನ್ನೊಂದು ಜಾತಿ ಜಪಾನೀಸ್ ಮೆದುಳು ಜ್ವರ ಹರಡುತ್ತದೆ.

ಹಗಲು ಮಲಗುವ ಎಳೆ ಮಗು, ಬಾಣಂತಿ, ಕಾಯಿಲೆಯವರು ಇದ್ದರೆ ಹಗಲಿಗೂ ಸೊಳ್ಳೆ ಪರದೆ ಕಟ್ಟಿ. ರಾತ್ರಿ ಮಾತ್ರ ಕಟ್ಟಿ ಬೆಳಿಗ್ಗೆ ಮಡಿಚಿಟ್ಟರೆ ಡೆಂಗೀ ಸೊಳ್ಳೆಗೆ ಅಡ್ಡಿಯೇ ಇಲ್ಲ.

ಎಲ್ಲರ ನಡುವೆ ಕೂತಿದ್ದರೂ ನನಗೇ ಜಾಸ್ತಿ ಕಚ್ಚುತ್ತದೆ. ಯಾಕೆ?

ಇದು ಭ್ರಮೆ ಅಲ್ಲ. ಸೊಳ್ಳೆ ದೂರದಿಂದ ಹಿಡಿಯುವುದು ನಾವು ಬಿಡುವ ಉಸಿರಿನ ಇಂಗಾಲದ ಡೈಆಕ್ಸೈಡನ್ನು. ಹತ್ತಿರ ಬಂದ ಮೇಲೆ ಬೆವರಿನ ವಾಸನೆ, ಚರ್ಮದ ಮೇಲಿನ ಆಮ್ಲಗಳು, ಮೈ ಬಿಸಿ ಇವನ್ನು ನೋಡಿ ಆರಿಸುತ್ತದೆ. ಚರ್ಮದ ವಾಸನೆ ಒಬ್ಬೊಬ್ಬರದು ಒಂದೊಂದು. ಗರ್ಭಿಣಿಯರ ಮೈ ಬಿಸಿ ಸ್ವಲ್ಪ ಹೆಚ್ಚು, ಉಸಿರೂ ಹೆಚ್ಚು. ಹಾಗಾಗಿ ಅವರಿಗೆ ಜಾಸ್ತಿ ಕಚ್ಚುತ್ತದೆ. ಕೆಲಸ ಮಾಡಿ ಬೆವರಿದವರಿಗೂ ಅಷ್ಟೇ. ಕಪ್ಪು, ಗಾಢ ನೀಲಿ ಬಟ್ಟೆ ಸೊಳ್ಳೆಗೆ ಬೇಗ ಕಾಣುತ್ತದೆ. ತೋಟಕ್ಕೆ ಹೋಗುವಾಗ ತಿಳಿ ಬಣ್ಣದ ತುಂಬುತೋಳಿನ ಅಂಗಿ ಒಳ್ಳೆಯದು.

ನಮ್ಮದು ಶಿರಸಿ ಕಡೆ ಅಡಿಕೆ ತೋಟ. ಮನೆಯಲ್ಲಿ ಎಲ್ಲೂ ನೀರು ನಿಲ್ಲಿಸಿಲ್ಲ. ಆದರೂ ಸೊಳ್ಳೆ!

ತೋಟದಲ್ಲಿ ಹುಡುಕಿ. ಬಿದ್ದ ಅಡಿಕೆ ಹಾಳೆ ಒಂದು ಮಳೆಗೆ ನೀರು ತುಂಬಿಕೊಳ್ಳುತ್ತದೆ. ಅಲ್ಲಿ ನೆರಳು ಇದೆ, ಕೊಳೆತ ಎಲೆ ಇದೆ, ಗಾಳಿ ಇಲ್ಲ. ಈಡಿಸ್‌ನ ಇನ್ನೊಂದು ಜಾತಿಗೆ ಇದಕ್ಕಿಂತ ಒಳ್ಳೆಯ ಜಾಗ ಬೇಡ. ಬೆನ್ನ ಮೇಲೆ ನಡುವೆ ಒಂದೇ ಬಿಳಿ ಗೆರೆ ಇರುವ ಏಷ್ಯಾದ ಹುಲಿ ಸೊಳ್ಳೆ ಅದು. ಮನೆಯ ಒಳಗಿಗಿಂತ ತೋಟ, ಹಿತ್ತಲು, ಕಾಡಂಚಿನಲ್ಲಿ ಅದು ಜಾಸ್ತಿ. ಡೆಂಗೀ, ಚಿಕೂನ್‌ಗುನ್ಯಾ ಎರಡನ್ನೂ ಹರಡಬಲ್ಲದು.

ಹಾಳೆಯ ಜೊತೆಗೆ ಇವನ್ನೂ ನೋಡಿ. ಇಲಿ, ಅಳಿಲು ಕೊರೆದ ಕೋಕೋ ಕಾಯಿ ಮತ್ತು ಬೀಜ ತೆಗೆದು ರಾಶಿ ಹಾಕಿದ ಅದರ ಸಿಪ್ಪೆ. ಕಾಯಿ ಒಡೆದ ಕರಟ, ಸೀಯಾಳದ ಬುರುಡೆ. ಅಡಿಕೆಗೆ ಹೊಡೆಯುವ ಬೋರ್ಡೋ ದ್ರಾವಣ ಮಾಡಿ ಅಲ್ಲೇ ಬಿಟ್ಟ ಬ್ಯಾರಲ್. ಹರಿದ ಪ್ಲಾಸ್ಟಿಕ್ ಹಾಳೆಯ ಮಡಿಕೆ. ಮರದ ಪೊಟರೆ, ಕಡಿದ ಬಿದಿರಿನ ಬುಡ. ಮೇಲಿನ ಗಂಟು ಇಲ್ಲದ ಬಿದಿರು ನೀರು ಹಿಡಿದಿಡುತ್ತದೆ. ಗಂಟಿನ ಮೇಲೇ ಸರಿಯಾಗಿ ಕಡಿದರೆ ನೀರು ನಿಲ್ಲುವುದಿಲ್ಲ.

ತೋಟ ಪೂರ್ತಿ ಹಾಳೆ ಹೆಕ್ಕಿ ಮುಗಿಸುವುದು ಆಗುವ ಕೆಲಸವಲ್ಲ, ನನಗೂ ಗೊತ್ತು. ಆಳುಗಳು ಸಿಗುವುದೇ ಕಷ್ಟ. ಹಾಗಾಗಿ ಮನೆಯ ಸುತ್ತ ಇನ್ನೂರು ಮೀಟರ್‌ವರೆಗಾದರೂ ಮಾಡಿ. ಹೆಕ್ಕಲು ಆಗದಿದ್ದರೆ ಹಾಳೆಯನ್ನು ಕವುಚಿ ಹಾಕಿ ಅಥವಾ ಕತ್ತಿಯಿಂದ ಎರಡು ಸೀಳು ಮಾಡಿ. ನೀರು ನಿಲ್ಲದಿದ್ದರೆ ಸಾಕು. ಬಸಿಗಾಲುವೆಯಲ್ಲಿ ನೀರು ಹರಿಯುತ್ತಾ ಇದ್ದರೆ ತೊಂದರೆ ಇಲ್ಲ. ಕಸ ಕಟ್ಟಿ ನಿಂತರೆ ಮಾತ್ರ ಕೆರೆದು ಬಿಡಬೇಕು.

ನಮ್ಮಲ್ಲಿ ಬೀಳುವ ಮಳೆಗೆ ಮೊಟ್ಟೆ, ಹುಳ ಎಲ್ಲಾ ಕೊಚ್ಚಿ ಹೋಗುವುದಿಲ್ಲವಾ?

ಎಡೆಬಿಡದೆ ಸುರಿಯುವಾಗ ಚರಂಡಿ, ಹೊಂಡದ ಹುಳ ಕೊಚ್ಚಿ ಹೋಗುವುದು ನಿಜ. ಅಪಾಯ ಇರುವುದು ಮಳೆ ಹೊಳವು ಕೊಟ್ಟಾಗ. ಎರಡು ದಿನ ಮಳೆ, ನಾಲ್ಕು ದಿನ ಬಿಸಿಲು ಅನ್ನುವ ಹವೆ ಬಂದರೆ ಎಲ್ಲಾ ಪಾತ್ರೆ ತುಂಬಿರುತ್ತದೆ, ಕೊಚ್ಚುವ ಹರಿವು ಇರುವುದಿಲ್ಲ. ಜೂನ್ ತಿಂಗಳ ಮೊದಲ ದಿನಗಳು ಮತ್ತು ಚೌತಿ ಕಳೆದ ಮೇಲಿನ ವಾರಗಳು ಇಂಥವು. ಚೌತಿಗೆ ಊರಿಂದೂರಿಗೆ ನೆಂಟರು ಬಂದು ಹೋಗುತ್ತಾರೆ, ಜೊತೆಗೆ ಜ್ವರವೂ ಓಡಾಡುತ್ತದೆ. ಹಬ್ಬದ ಸುಣ್ಣ ಬಣ್ಣದ ಜೊತೆ ಹಿತ್ತಲನ್ನೂ ಒಮ್ಮೆ ಸುತ್ತಿ ಬನ್ನಿ.

ಸಮುದ್ರದ ಉಪ್ಪು ನೀರಿನಲ್ಲಿ ಸೊಳ್ಳೆ ಹುಟ್ಟುತ್ತಾ?

ತೆರೆ ಇರುವ ಸಮುದ್ರದಲ್ಲಿ ಇಲ್ಲ. ಅಳಿವೆಯ ಆಚೀಚೆ, ಉಪ್ಪು ನೀರು ನುಗ್ಗುವ ಗದ್ದೆ ಅಂದರೆ ಗಜನಿಯ ಅಂಚಿನಲ್ಲಿ, ಭರತ ಇಳಿತ ತಲುಪದೆ ನಿಂತುಹೋದ ಸವುಳು ನೀರಿನ ಗುಂಡಿಗಳಲ್ಲಿ ಕೆಲವು ಜಾತಿಯ ಸೊಳ್ಳೆಗಳು ಬೆಳೆಯುತ್ತವೆ. ಉಬ್ಬರದ ನೀರು ದಿನವೂ ಬಂದು ಹೋಗುವ ಕಡೆ ಮೀನಿನ ಮರಿಗಳೇ ಹುಳ ತಿಂದು ಮುಗಿಸುತ್ತವೆ. ಅದಕ್ಕೇ ಕಾಂಡ್ಲಾ (ಮ್ಯಾಂಗ್ರೋವ್) ಕಾಡು ಕಡಿದರೆ ಸೊಳ್ಳೆ ಕಡಿಮೆಯಾಗುತ್ತದೆ ಅನ್ನುವ ಮಾತನ್ನು ನಂಬಬೇಡಿ. ನೀರು ಬಂದು ಹೋಗುವ ದಾರಿ ಮುಚ್ಚಿದಾಗ ಸೊಳ್ಳೆ ಹೆಚ್ಚುತ್ತದೆ.

ಕರಾವಳಿಯಲ್ಲಿ ನನಗೆ ಹೆಚ್ಚು ಚಿಂತೆ ಇರುವುದು ದೋಣಿಗಳದ್ದು. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳ ಮೀನುಗಾರಿಕೆಗೆ ನಿಷೇಧ. ಅದೇ ಹೊತ್ತಿಗೆ ಜೋರು ಮಳೆ. ದಡಕ್ಕೆ ಎಳೆದ ದೋಣಿಯ ತಳದಲ್ಲಿ ಮಳೆನೀರು, ಪಕ್ಕಕ್ಕೆ ಕಟ್ಟಿದ ಹಳೇ ಟೈರುಗಳಲ್ಲಿ ಮಳೆನೀರು, ಮೀನಿನ ಥರ್ಮಾಕೋಲ್ ಪೆಟ್ಟಿಗೆಗಳಲ್ಲಿ ಮಳೆನೀರು, ಮುಚ್ಚಿದ ತಾಡಪತ್ರಿಯ ತಗ್ಗಿನಲ್ಲಿ ಮಳೆನೀರು. ಎಲ್ಲವೂ ಸಿಹಿನೀರು, ಎಲ್ಲವೂ ಕೇರಿಯ ಮನೆಗಳ ಪಕ್ಕದಲ್ಲೇ. ಟೈರಿಗೆ ಕೆಳಗೆ ತೂತು ಕೊರೆಯಿರಿ. ಪೆಟ್ಟಿಗೆ ಕವುಚಿ ಇಡಿ. ತಾಡಪತ್ರಿಯನ್ನು ಇಳಿಜಾರಾಗಿ ಬಿಗಿಯಾಗಿ ಕಟ್ಟಿ. ದೋಣಿಯ ತಳದ ನೀರು ವಾರಕ್ಕೊಮ್ಮೆ ಎತ್ತಿ ಚೆಲ್ಲಿ. ಕೇರಿಯವರು ಸೇರಿ ಒಂದು ಬೆಳಿಗ್ಗೆ ಮಾಡಿದರೆ ಮುಗಿಯುವ ಕೆಲಸ.

ಬಾವಿ, ಟ್ಯಾಂಕ್ ಖಾಲಿ ಮಾಡಲು ಆಗುವುದಿಲ್ಲ. ಅದಕ್ಕೇನು?

ಟ್ಯಾಂಕಿಗೆ ಬಿಗಿ ಮುಚ್ಚಳ ಬೇಕು. ಹೆಚ್ಚಾದ ನೀರು ಹೋಗುವ ಪೈಪಿನ ಬಾಯಿಗೆ ಸಣ್ಣ ಜಾಲರಿ ಕಟ್ಟಿ. ಅದನ್ನು ಬಹಳ ಜನ ಮರೆಯುತ್ತಾರೆ. ನಗರದ ಮಲೇರಿಯಾ ಹರಡುವ ಅನಾಫಿಲಿಸ್ ಜಾತಿ ಇಂಥ ಟ್ಯಾಂಕು, ಕಟ್ಟಡ ಕೆಲಸದ ತೊಟ್ಟಿಗಳಲ್ಲೇ ಬೆಳೆಯುತ್ತದೆ. ಬಳಸುವ ಬಾವಿಗೆ ಸೊಳ್ಳೆ ಬಲೆ ಹಾಸಿ. ಬಳಸದ ಬಾವಿಗೆ, ಅಲಂಕಾರದ ಕೊಳಕ್ಕೆ ಗಪ್ಪಿ ಮೀನು ಬಿಡಬಹುದು. ಆರೋಗ್ಯ ಕೇಂದ್ರದಲ್ಲಿ ಕೇಳಿ, ಹಲವು ಕಡೆ ಕೊಡುತ್ತಾರೆ. ಒಂದು ಮಾತು ಮಾತ್ರ ನೆನಪಿಡಿ. ಗಪ್ಪಿ, ಗಂಬೂಸಿಯಾ ಎರಡೂ ಹೊರದೇಶದ ಮೀನು. ಹಳ್ಳ, ಹೊಳೆಗೆ ಖಂಡಿತ ಬಿಡಬೇಡಿ. ನಮ್ಮ ಘಟ್ಟದ ಹೊಳೆಗಳ ಸ್ವಂತ ಮೀನಿಗೆ, ಕಪ್ಪೆಯ ಮರಿಗಳಿಗೆ ಅವು ತೊಂದರೆ ಕೊಡುತ್ತವೆ.

ಕುಡಿಯುವ ನೀರಿಗೆ ಸೀಮೆಎಣ್ಣೆ, ಸುಟ್ಟ ಎಣ್ಣೆ ಹಾಕಲೇಬಾರದು. ನಿಂತ ಕೊಳಚೆಗೆ ಮಾತ್ರ ಅದು. ಎಣ್ಣೆಯ ಪದರ ಹುಳಕ್ಕೆ ಉಸಿರು ಸಿಗದಂತೆ ಮಾಡುತ್ತದೆ.

ನಾನು ಸ್ವಚ್ಛ ಇಟ್ಟರೂ ಪಕ್ಕದ ಮನೆಯ ಸೊಳ್ಳೆ ಬರುತ್ತದಲ್ಲ?

ಬರುತ್ತದೆ. ಆದರೆ ಈಡಿಸ್ ಬಹಳ ದೂರ ಹೋಗುವುದಿಲ್ಲ. ಹೆಚ್ಚಿನವು ಹುಟ್ಟಿದ ಜಾಗದಿಂದ ಒಂದಿನ್ನೂರು ಮೀಟರ್ ಒಳಗೇ ಬದುಕು ಮುಗಿಸುತ್ತವೆ. ಅಂದರೆ ಅದು ಹುಟ್ಟಿದ್ದು ನಿಮ್ಮಲ್ಲಿ, ಇಲ್ಲವೇ ಆಚೀಚೆಯ ನಾಲ್ಕು ಮನೆಯಲ್ಲಿ. ಜಗಳ ಬೇಡ. ಒಂದು ದಿನ ಅವರ ಹಿತ್ತಲನ್ನೂ ನಿಮ್ಮ ಹಿತ್ತಲನ್ನೂ ಜೊತೆಗೇ ಸುತ್ತಿ ನೋಡಿ. ಹುಳ ಕಣ್ಣಾರೆ ಕಂಡ ಮೇಲೆ ಯಾರೂ ಸುಮ್ಮನೆ ಇರುವುದಿಲ್ಲ.

ಸೊಳ್ಳೆ ಕಚ್ಚಿದರೆ ಡೆಂಗೀ ಬಂದೇ ಬರುತ್ತಾ?

ಇಲ್ಲ. ಸೊಳ್ಳೆ ಮೊದಲು ಡೆಂಗೀ ಇರುವವರ ರಕ್ತ ಕುಡಿದಿರಬೇಕು. ಆ ವೈರಸ್ ಸೊಳ್ಳೆಯ ಮೈಯಲ್ಲಿ ಬೆಳೆದು ಜೊಲ್ಲಿಗೆ ಬರಲು 8ರಿಂದ 12 ದಿನ ಬೇಕು. ಆಮೇಲೆ ಆ ಸೊಳ್ಳೆ ಬದುಕಿರುವವರೆಗೂ ಹರಡುತ್ತದೆ. ಹಾಗಾಗಿ ಡೆಂಗೀ ಬಂದವರನ್ನು ಹಗಲೂ ಪರದೆಯೊಳಗೆ ಮಲಗಿಸಿ. ಅವರಿಗೆ ಸೊಳ್ಳೆ ಕಚ್ಚದಿದ್ದರೆ ಕೇರಿಗೆ ಹರಡುವುದು ಅಲ್ಲೇ ನಿಲ್ಲುತ್ತದೆ.

ಜ್ವರ ಬಂದರೆ ಏನು ಮಾಡಬೇಕು?

ಬೇಗ ವೈದ್ಯರಿಗೆ ತೋರಿಸಿ. ಡೆಂಗೀಗೆ ಮೊದಲ ಐದು ದಿನದ ಒಳಗೆ ಎನ್‌ಎಸ್1 ಪರೀಕ್ಷೆ, ಮಲೇರಿಯಾಕ್ಕೆ ರಕ್ತಲೇಪನ ಮಾಡುತ್ತಾರೆ. ಜ್ವರಕ್ಕೆ ಪ್ಯಾರಾಸಿಟಮಾಲ್ ಮಾತ್ರ. ಆಸ್ಪಿರಿನ್, ಐಬುಪ್ರೊಫೆನ್ ನೀವೇ ತಗೊಳ್ಳಬೇಡಿ, ಡೆಂಗೀಯಲ್ಲಿ ರಕ್ತಸ್ರಾವ ಹೆಚ್ಚಬಹುದು. ಗಂಜಿ, ಎಳನೀರು, ಓಆರ್‌ಎಸ್ ಧಾರಾಳ ಕೊಡಿ. ಜ್ವರ ಇಳಿಯಿತು ಅಂತ ನಿರಾಳವಾಗುವ ದಿನವೇ ಡೆಂಗೀಯಲ್ಲಿ ಎಚ್ಚರದ ದಿನ. ತೀವ್ರ ಹೊಟ್ಟೆನೋವು, ನಿಲ್ಲದ ವಾಂತಿ, ವಸಡಿನಲ್ಲಿ ರಕ್ತ, ವಿಪರೀತ ಸುಸ್ತು, ಮೂತ್ರ ಕಡಿಮೆ, ಇವುಗಳಲ್ಲಿ ಒಂದು ಕಂಡರೂ ಕಾಯದೆ ಆಸ್ಪತ್ರೆಗೆ ಹೋಗಿ.

ಫಾಗಿಂಗ್ ಮಾಡಿಸಿದರೆ ಆಗುವುದಿಲ್ಲವಾ?

ಹೊಗೆ ಆಗ ಹಾರುತ್ತಿರುವ ಸೊಳ್ಳೆಯನ್ನು ಮಾತ್ರ ಕೊಲ್ಲುತ್ತದೆ. ನೀರಿನ ಹುಳಕ್ಕೆ, ಪ್ಯೂಪಾಗೆ ಏನೂ ಆಗುವುದಿಲ್ಲ. ನಾಳೆ ನಾಡಿದ್ದು ಹೊಸ ಸೊಳ್ಳೆ ಎದ್ದು ಬರುತ್ತದೆ. ಡೆಂಗೀ ಹರಡಿದ ಕೇರಿಯಲ್ಲಿ ತುರ್ತಿಗೆ ಅದು ಬೇಕು. ಅದೊಂದನ್ನೇ ನಂಬಿ ಕೂರುವುದು ಸರಿಯಲ್ಲ.

ಕಾಯಿಲ್, ಲಿಕ್ವಿಡ್, ಹೊಗೆ, ಮೊಬೈಲ್ ಆ್ಯಪ್ ಇವುಗಳಲ್ಲಿ ಯಾವುದು ಒಳ್ಳೆಯದು?

ಪರದೆ ಎಲ್ಲಕ್ಕಿಂತ ಒಳ್ಳೆಯದು. ಮಳೆಗಾಲದಲ್ಲಿ ಕರೆಂಟ್ ಹೋದರೆ ಲಿಕ್ವಿಡ್ ಯಂತ್ರ ಸುಮ್ಮನಾಗುತ್ತದೆ, ಪರದೆಗೆ ಕರೆಂಟ್ ಬೇಡ. ಕರೆಂಟ್ ಇದ್ದಾಗ ಫ್ಯಾನ್ ಕೂಡ ಚೆನ್ನಾಗಿ ಕೆಲಸ ಮಾಡುತ್ತದೆ. ಸೊಳ್ಳೆ ಗಾಳಿಗೆ ಎದುರು ಹಾರಲಾರದು, ನಮ್ಮ ಉಸಿರಿನ ಜಾಡೂ ಚದುರುತ್ತದೆ. ಮೈಗೆ ಹಚ್ಚುವ ಮುಲಾಮಿನಲ್ಲಿ ಡೀಟ್ ಅಥವಾ ಪಿಕಾರಿಡಿನ್ ಇದ್ದರೆ ಪರಿಣಾಮ ಇದೆ. ಮಕ್ಕಳಿಗೆ ಹಚ್ಚುವ ಮುಂಚೆ ಪ್ಯಾಕೆಟ್ ಮೇಲಿನ ವಯಸ್ಸು ನೋಡಿ. ಬಾಗಿಲು ಹಾಕಿದ ಕೋಣೆಯಲ್ಲಿ ಕಾಯಿಲ್ ಹಚ್ಚಿ ಮಲಗಬೇಡಿ. ಕೊಟ್ಟಿಗೆಯಲ್ಲಿ ಲಕ್ಕಿ ಸೊಪ್ಪಿನ ಹೊಗೆ ಹಾಕುವ ರೂಢಿ ದನಗಳಿಗೆ ಸ್ವಲ್ಪ ಹೊತ್ತು ನೆಮ್ಮದಿ ಕೊಡುತ್ತದೆ. ದಮ್ಮು ಇರುವವರು ಮಾತ್ರ ಆ ಹೊಗೆಯಿಂದ ದೂರ ಇರಬೇಕು. ಸದ್ದು ಮಾಡಿ ಸೊಳ್ಳೆ ಓಡಿಸುವ ಆ್ಯಪ್, ಯಂತ್ರಗಳಿಂದ ಪ್ರಯೋಜನ ಇಲ್ಲ. ದುಡ್ಡು ಹಾಕಬೇಡಿ.

ಮಂಗನ ಕಾಯಿಲೆ ಸೊಳ್ಳೆಯಿಂದ ಬರುತ್ತದಾ?

ಇಲ್ಲ. ಅದು ಉಣ್ಣಿಯಿಂದ ಬರುತ್ತದೆ. ಕೆಲವರು ಉಣುಗು ಅಂತಾರೆ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಮೊದಲು ಪತ್ತೆಯಾದ ರೋಗ ಅದು. ನಮ್ಮ ಸಿದ್ದಾಪುರ ಕಡೆಯೂ ಕಾಣಿಸಿಕೊಂಡಿದೆ. ಸೊಳ್ಳೆ ಜ್ವರ ಮಳೆಗಾಲದ್ದಾದರೆ ಇದು ಡಿಸೆಂಬರ್‌ನಿಂದ ಮೇವರೆಗಿನ ಒಣ ದಿನಗಳದ್ದು. ಪರದೆ, ನೀರು ಖಾಲಿ ಮಾಡುವುದು ಇದಕ್ಕೆ ಉಪಯೋಗ ಇಲ್ಲ. ದರಕು, ಸೊಪ್ಪಿಗೆ ಕಾಡಿಗೆ ಹೋಗುವಾಗ ಮೈ ಮುಚ್ಚುವ ಬಟ್ಟೆ, ಉಣ್ಣಿ ಹತ್ತದಂತೆ ಮೈಗೆ ಹಚ್ಚಲು ಆರೋಗ್ಯ ಇಲಾಖೆ ಕೊಡುವ ಡೇಪಾ ಎಣ್ಣೆ, ಬಂದ ಮೇಲೆ ಬಿಸಿನೀರಿನ ಸ್ನಾನ ಬೇಕು. ಸತ್ತ ಮಂಗ ಕಂಡರೆ ಮುಟ್ಟದೆ ಆರೋಗ್ಯ ಇಲಾಖೆಗೆ ತಿಳಿಸಿ.

ಎಚ್‌ಐವಿ ಸೊಳ್ಳೆಯಿಂದ ಹರಡುತ್ತಾ?

ಖಂಡಿತ ಇಲ್ಲ. ಆ ವೈರಸ್ ಸೊಳ್ಳೆಯ ಮೈಯಲ್ಲಿ ಬೆಳೆಯುವುದಿಲ್ಲ.

ಆಶಾ ಕಾರ್ಯಕರ್ತೆ ಬಂದು ಡ್ರಮ್ಮಿಗೆ ಟಾರ್ಚ್ ಬಿಟ್ಟು ನೋಡುತ್ತಾರೆ. ದಂಡ ಹಾಕುತ್ತಾರಾ?

ಅವರು ಮಾಡುವುದು ಲಾರ್ವಾ ಸಮೀಕ್ಷೆ. ಹುಳ ಎಲ್ಲಿದೆ ಅಂತ ನಿಮಗೇ ತೋರಿಸುತ್ತಾರೆ. ಮಳೆಯಲ್ಲಿ ಮನೆ ಮನೆ ಹತ್ತಿ ಇಳಿಯುವ ಆ ಹೆಣ್ಣುಮಕ್ಕಳನ್ನು ಬಾಗಿಲಲ್ಲೇ ನಿಲ್ಲಿಸಿ ಕಳಿಸಬೇಡಿ. 2024ರಲ್ಲಿ ರಾಜ್ಯ ಸರ್ಕಾರ ಡೆಂಗೀಯನ್ನು ಸಾಂಕ್ರಾಮಿಕ ರೋಗ ಎಂದು ಘೋಷಿಸಿ, ಸೊಳ್ಳೆ ಬೆಳೆಯಲು ಬಿಟ್ಟ ಮನೆಗೆ ನಗರದಲ್ಲಿ 400, ಹಳ್ಳಿಯಲ್ಲಿ 200 ರೂಪಾಯಿ ದಂಡ ಗೊತ್ತುಮಾಡಿತು. ಅಂಗಡಿ, ಕಟ್ಟಡ ಕೆಲಸದ ಜಾಗಗಳಿಗೆ ಇನ್ನೂ ಹೆಚ್ಚು. ಅವರು ಬಂದಾಗ ಟಾರ್ಚ್ ನೀವೂ ಹಿಡಿಯಿರಿ. ಫ್ರಿಡ್ಜ್ ಹಿಂದಿನ ಟ್ರೇ, ಏರ್ ಕೂಲರ್, ತಾರಸಿಯ ಮೂಲೆ, ಎಲೆ ಕಟ್ಟಿದ ಮಾಡಿನ ದೋಣಿ ಪೈಪ್ ಇವನ್ನೆಲ್ಲ ಅವರ ಜೊತೆಗೇ ನೋಡಿಬಿಡಿ.